ಫಾರಂನಲ್ಲಿ ಇಲ್ಲದ ಪ್ರಶ್ನೆ

ಡಾಕ್ಟರಮ್ಮನ ಎಡಗೈ ಬೆರಳುಗಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಯಾವ ಮಗುವಿನ ರಕ್ತ ತೆಗೆಯುವುದಿದ್ದರೂ ಮೊದಲು ತಮ್ಮ ಬೆರಳಿಗೇ ಒಂದು ಸೂಜಿ ಚುಚ್ಚಿಕೊಂಡು, "ನೋಡು, ನಾನೇನಾದ್ರೂ ಅತ್ತೆನಾ?" ಎನ್ನುತ್ತಿದ್ದರು. ಆಮೇಲೆ ಮಗುವಿನ ಕೈಯನ್ನು ತಾವೇ ಸೋಪು ಹಾಕಿ ಎರಡೆರಡು ಸಲ ತೊಳೆದು, ಹೊಸ ಸೂಜಿ ತೆಗೆಯುತ್ತಿದ್ದರು.

ಮಕ್ಕಳ ಮೈಯಲ್ಲಿ ಸೀಸ ಎಷ್ಟು ಸೇರಿದೆ ಎಂದು ನೋಡುವ ಸಂಶೋಧನೆ ಅವರದು. ಹಾಸನದಿಂದ ಬಸ್ಸಿನಲ್ಲೇ ಹೊಳೆನರಸೀಪುರಕ್ಕೆ ಬರುತ್ತಿದ್ದರು. ಫಾರಂ ಹಿಡಿದು ಮನೆಮನೆ ತಿರುಗುವ ಸಹಾಯಕಿ ನಾನು. ಗೋಡೆಯ ಬಣ್ಣ, ಅರಿಶಿನದ ಪುಡಿ, ಕಲಾಯಿ ಪಾತ್ರೆ, ಬ್ಯಾಟರಿ ಒಡೆಯುವ ಶೆಡ್ಡು: ಸೀಸ ಎಲ್ಲಿಂದ ಸೇರುತ್ತದೆ ಎಂದು ಎಲ್ಲೆಲ್ಲಿಯ ಸಂಶೋಧನೆಯಲ್ಲಿ ಏನೇನು ಹೊಸದಾಗಿ ಬಂದಿತ್ತೋ ಅದೆಲ್ಲ ಫಾರಂನಲ್ಲಿತ್ತು. ಮೊದಲನೆಯದು ನನ್ನ ಮನೆಯದೇ. ಕೂತಲ್ಲೇ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿ ಮುಗಿಸಿದೆ. ಏನು ಜಂಬ ನನಗೆ!

ಒಂದು ಮಧ್ಯಾಹ್ನ ಅವರನ್ನು ಊಟಕ್ಕೆ ಕರೆದೆ. ನನ್ನ ಗಂಡ ಹೇಮಾವತಿಯಲ್ಲಿ ಮೀನು ಹಿಡಿಯುವವನು. ಅಡುಗೆ ಒಲೆಯ ಮೇಲೆ ಸೀಸ ಕರಗಿಸಿ, ಬಲೆ ನೀರಲ್ಲಿ ಮುಳುಗಲೆಂದು ಅಂಚಿಗೆ ಹಾಕುವ ಗುಂಡು ಮಾಡುತ್ತಿದ್ದ. ಐದು ವರ್ಷದ ಮಗಳು ಆ ಗುಂಡುಗಳನ್ನು ಬಲೆಯ ದಾರಕ್ಕೆ ಹಲ್ಲಿನಿಂದ ಕಚ್ಚಿ ಕಚ್ಚಿ ಕೂರಿಸುತ್ತಿದ್ದಳು. ನಮ್ಮ ಓಣಿಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಇಕ್ಕಳಕ್ಕಿಂತ ಹಲ್ಲು ಬೇಗ. ಫಾರಂನಲ್ಲಿದ್ದ ಸೀಸವೂ ಈ ಗುಂಡೂ ಒಂದೇ ಎಂದು ನನಗೆ ಹೊಳೆದೇ ಇರಲಿಲ್ಲ.

"ಉಗಿ ಪುಟ್ಟಿ, ಉಗಿ!" ಡಾಕ್ಟರಮ್ಮ ಬಾಗಿಲಿನಿಂದಲೇ ಕೂಗಿದರು.

"ನಮ್ಮಪ್ಪನ ಕಾಲ್ದಿಂದ್ಲೂ ಇಂಗೇ ಕಣಮ್ಮ. ನಂಗೇನಾರಾ ಆಯ್ತಾ?" ಎಂದ ನನ್ನ ಗಂಡ.

ಅವರು ನನ್ನ ಕಡೆ ತಿರುಗಿ, "ನಾನು ಇದನ್ನ ಕೇಳಲೇ ಇಲ್ವಲ್ಲ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟ ಮುಟ್ಟದೆ, ಉಳಿದ ಫಾರಂಗಳ ಕೊನೆಗೆಲ್ಲ ಪೆನ್ನಿನಲ್ಲಿ ಬರೆಯುತ್ತ ಕೂತರು: ಮನೆಯಲ್ಲಿ ಬಲೆ ಕಟ್ಟುತ್ತೀರಾ?

ಮಗಳ ರಕ್ತದಲ್ಲಿ ಸೀಸ ಬಹಳ ಇತ್ತು. ಬಲೆ, ಗುಂಡು ಎಲ್ಲ ಅವತ್ತೇ ಮನೆಯಿಂದ ಹೊರಗೆ ಹೋದವು. ವರ್ಷ ಕಳೆದು ಮತ್ತೆ ನೋಡಿದಾಗ ಇಳಿದಿತ್ತು.

"ಇನ್ ಸರಿಯೋಯ್ತಾಳೆ ಅಲ್ವಾ ಮೇಡಂ?" ಎಂದೆ.

"ರಕ್ತದಲ್ಲಿ ಇಳಿದಿದೆ ಕಣಮ್ಮ. ಸೀಸದಿಂದ ಮಿದುಳಿಗೆ ಬಿದ್ದ ಪೆಟ್ಟು ಪೂರ್ತಿ ವಾಸಿಯಾಗಲ್ಲ. ನಿನ್ನ ಹತ್ರ ಸುಳ್ಳು ಹೇಳಲಾರೆ."

ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಮೈಯೆಲ್ಲ ಉರಿಯಿತು. ಕೆಲಸ ಬಿಟ್ಟೆ. ಅವರು ಕಾಯಿಲೆ ಬಿದ್ದಾಗ ಹೋಗಿ ನೋಡಲಿಲ್ಲ, ಸತ್ತಾಗಲೂ ಹೋಗಲಿಲ್ಲ. ಬಲೆಯ ಬಗ್ಗೆ ಅವರು ಬರೆದದ್ದನ್ನು, ಮಕ್ಕಳ ಸಂಖ್ಯೆ ಸಾಲದು ಎಂದು ಸಂಶೋಧನಾ ಪತ್ರಿಕೆಯವರು ವಾಪಸು ಕಳಿಸಿದ್ದರಂತೆ. ನಮ್ಮ ಓಣಿಯಲ್ಲಿ ಇದ್ದದ್ದೇ ಅಷ್ಟು ಮಕ್ಕಳು. ಇನ್ನೂ ಬೇಕಿತ್ತೇ ಅವರಿಗೆ?

ಆಮೇಲೆ ಹುಟ್ಟಿದ ಚಿಕ್ಕವಳು ಸೀಸ ಹೇಗಿರುತ್ತದೆ ಎಂದೇ ಕಂಡಿಲ್ಲ. ಅವಳನ್ನು ಉಳಿಸಿಕೊಟ್ಟವರು ಡಾಕ್ಟರಮ್ಮ. ಆ ಮಾತನ್ನು ಅವರಿಗೆ ಹೇಳಲಿಲ್ಲ. ಈಗ ಎರಡನೇ ಕ್ಲಾಸು, ಮಗ್ಗಿಯನ್ನು ಗಡಗಡ ಒಪ್ಪಿಸುತ್ತಾಳೆ. ಎಂಟನೇ ಕ್ಲಾಸಿನ ದೊಡ್ಡವಳು ಜೊತೆಗೆ ಹೇಳಲು ಹೋಗಿ, ಮೂರರ ಮಗ್ಗಿಯ ಮಧ್ಯದಲ್ಲೇ ನಿಂತುಬಿಡುತ್ತಾಳೆ.

"ಅವ್ಳಿಗೆ ಬತ್ತದೆ, ನಂಗ್ಯಾಕವ್ವ ಬರಾಕಿಲ್ಲ?"

"ನಿಂಗೂ ಬತ್ತದೆ ಕಣ್ ಮಗ, ಇನ್ನೊಂದ್ಸಲ ಯೋಳು" ಎಂದು ದಿನಾ ಸುಳ್ಳು ಹೇಳುತ್ತೇನೆ.