ಅತ್ತೆಯ ದನಿಯಿದ್ದ ಡಿಸ್ಕು

ಗಂಟಲಿನ ಆಪರೇಷನ್ ಆದಮೇಲೆ ನನ್ನ ಸೋದರತ್ತೆಗೆ ಮಾತು ಹೋಯಿತು. ಅದಕ್ಕೆ ಮೊದಲು ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಕಾರವಾರದಿಂದ ಹಟ್ಟಿಕೇರಿಗೆ ಹೋಗಿ ಅವಳ ಮಾತು ರೆಕಾರ್ಡ್ ಮಾಡಿಕೊಂಡಿದ್ದೆ. ನೌಕಾನೆಲೆಗಾಗಿ ಸರ್ಕಾರ ತೆಗೆದುಕೊಂಡ ತನ್ನ ಹಳೇ ಊರು ಚೆಂಡಿಯಾದ ಮನೆಗಳನ್ನು ಅವಳು ಒಂದೊಂದಾಗಿ ಹೇಳುತ್ತಿದ್ದಳು. ಯಾರ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು, ಯಾರ ಮನೆಗೆ ತಾನು ಸಿಟ್ಟು ಮಾಡಿಕೊಂಡು ಹೋಗುತ್ತಿರಲಿಲ್ಲ, ಎಲ್ಲ.

ಅದಷ್ಟೂ ಒಂದೇ ಡಿಸ್ಕಿನಲ್ಲಿತ್ತು. ಇನ್ನೊಂದು ಪ್ರತಿ ಮಾಡಬೇಕು ಅಂದುಕೊಳ್ಳುತ್ತಲೇ ಇದ್ದೆ.

ಒಂದು ಭಾನುವಾರ ಬೆಳಿಗ್ಗೆ, ಜಾಗ ಎಷ್ಟು ಉಳಿದಿದೆ ನೋಡೋಣವೆಂದು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು ಆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದರು. ಡಿಸ್ಕಿನ ಭಾಗಗಳನ್ನು ತೋರಿಸುವ, ತಿದ್ದುವ ಪ್ರೋಗ್ರಾಮಿನ ಕಮಾಂಡ್ ಕೊಟ್ಟೆ. ಕೆಳಗೆ ಕೆಂಪಕ್ಷರದಲ್ಲಿ ಎಚ್ಚರಿಕೆ ಬಂತು: ಮೊದಲನೇ ಪಾರ್ಟಿಷನ್ ಸೆಕ್ಟರಿನ ಗಡಿಯಿಂದ ಶುರುವಾಗಿಲ್ಲ. ಪಾರ್ಟಿಷನ್ ಅಂದರೆ ಡಿಸ್ಕಿನಲ್ಲಿ ಫೈಲುಗಳಿಗೆಂದು ಗುರುತು ಹಾಕಿದ ಭಾಗ; ಅತ್ತೆಯ ಮಾತೆಲ್ಲ ಇದ್ದದ್ದು ಅದರಲ್ಲೇ.

ಡಿಸ್ಕು ಹಾಳಾಗುತ್ತಿದೆ ಎಂದೇ ನಂಬಿದೆ. ಅಂತರ್ಜಾಲದಲ್ಲಿ ಹುಡುಕಿದರೆ, ಪಾರ್ಟಿಷನ್ ಅಳಿಸಿ ಸರಿಯಾದ ಜಾಗದಿಂದ ಹೊಸದಾಗಿ ಮಾಡಿ ಎಂದು ಯಾರೋ ಬರೆದಿದ್ದರು. ಹೆದರಿಕೆಯಲ್ಲಿ ಪೂರ್ತಿ ಓದಲಿಲ್ಲ. ಅವರು ಹೇಳಿದಂತೆ ‘ಡಿ’ ಒತ್ತಿದೆ. ಪಾರ್ಟಿಷನ್ ಅಳಿಸಲಾಗಿದೆ ಎಂದು ಬಂತು.

ಲ್ಯಾಬಿನವರಿಗೆ ಫೋನ್ ಮಾಡಿದೆ. ಅವರು ಅಂಕೋಲಾ ಪೇಟೆಯಲ್ಲಿದ್ದರು. ಬಸ್ಸಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದೆ ಮೂರು ಸಲ ಹೇಳಬೇಕಾಯಿತು.

“ಮೇಡಂ, ‘ಡಬ್ಲ್ಯೂ’ ಒತ್ತಿದ್ರಾ?”

“ಇಲ್ಲ. ‘ಡಿ’ ಅಷ್ಟೇ.”

“ಸರಿಯಾಗಿ ನೆನಪು ಮಾಡ್ಕೊಳ್ಳಿ.”

ಹಾಗೆ ಕೇಳಿದ ಮೇಲೆ ನನಗೇ ಖಾತ್ರಿ ಉಳಿಯಲಿಲ್ಲ. ತೆರೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಿ ಹೇಳಿದೆ.

“ಎಂತದೂ ಆಗಿಲ್ಲ,” ಅಂದರು. “‘ಡಬ್ಲ್ಯೂ’ ಒತ್ತಿದ್ರೆ ಮಾತ್ರ ಡಿಸ್ಕಿನ ಮೇಲೆ ಬರೀತದೆ. ಈಗ ‘ಕ್ಯೂ’ ಒತ್ತಿ ಹೊರಗೆ ಬನ್ನಿ. ಬೇರೆ ಯಾವ್ದೂ ಮುಟ್ಬೇಡಿ.”

‘ಕ್ಯೂ’, ‘ಡಬ್ಲ್ಯೂ’ ಎರಡೂ ಕೀಲಿಗಳು ಒಂದರ ಪಕ್ಕ ಒಂದು. ಎಡಗೈಯಿಂದ ಬಲಗೈ ಬೆರಳನ್ನು ಹಿಡಿದುಕೊಂಡು ‘ಕ್ಯೂ’ ಒತ್ತಿದೆ. ಡಿಸ್ಕು ತೆರೆದಾಗ ಫೈಲುಗಳು ಇದ್ದವು.

ಡಿಸ್ಕು ಕೆಟ್ಟಿರಲಿಲ್ಲವಂತೆ. ರೆಕಾರ್ಡಿಂಗ್ ಶುರುಮಾಡುವ ಮೊದಲು ನನ್ನ ಹಳೇ ಡಿಸ್ಕನ್ನು ಇದ್ದ ಹಾಗೇ ಈ ಹೊಸದಕ್ಕೆ ಇಳಿಸಿದ್ದರಿಂದ ಗಡಿ ತುಸು ಸರಿದಿತ್ತು, ಬರೆಯುವುದು ನಿಧಾನವಾಗುತ್ತದೆ, ಅಷ್ಟೇ. ಸಂಜೆಯೊಳಗೆ ಇನ್ನೊಂದು ಡಿಸ್ಕಿಗೆ ಎಲ್ಲ ಪ್ರತಿ ಮಾಡಿದೆ. ಆದರೂ ನೆಮ್ಮದಿಯಾಗಲಿಲ್ಲ. ಹೊಸ ಡಿಸ್ಕಿನ ಒಂದೊಂದು ಫೈಲನ್ನೂ ತೆರೆದು ಅತ್ತೆ ಕೆಮ್ಮಿ ಮಾತು ಶುರುಮಾಡುವವರೆಗೆ ಕೇಳಿದೆ.

ಮುಂದಿನ ವಾರ ಹಟ್ಟಿಕೇರಿಗೆ ಹೋದಾಗ ಅವಳಿಗೆ ನಡೆದದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. ಒಂದು ರೆಕಾರ್ಡ್ ಹಚ್ಚು ಎಂದು ಕೈಮಾಡಿದಳು. ಅರ್ಧ ಕೇಳಿ, ನಿಲ್ಲಿಸಲು ಸನ್ನೆ ಮಾಡಿ, ಮಾತಿನ ಬದಲು ತಾನು ಬರೆಯುವ ಪಟ್ಟಿ ಪುಸ್ತಕ ಎಳೆದುಕೊಂಡು ಬರೆದಳು.

“ಇಲ್ಲಿ ತಪ್ಪು ಹೇಳಿದ್ದೇನೆ. ಆ ಮನೆಗೆ ಎರಡು ಬಾಗಿಲು.”

ಅವಳು ಪೆನ್ನು ಕೆಳಗಿಡುವ ಮೊದಲೇ ನಾನು ಆ ಹಾಳೆಯ ಫೋಟೋ ತೆಗೆದುಕೊಂಡೆ.