ಪಟ್ಟಿಯ ಕಡೆಯ ಸಾಲು

ನಮ್ಮ ಸಂಚಾರ ಠಾಣೆಯಲ್ಲಿ ಅವರು ಎಲ್ಲರಿಗೂ ‘ಟೇಪು ಮಾವ’. ಅಪಘಾತ ದಾಖಲಿಸಲು ನಮಗೆಲ್ಲ ಅಂಗೈಯಗಲದ ಯಂತ್ರ ಕೊಟ್ಟ ಮೇಲೂ ಈ ಹೆಡ್ ಕಾನ್‌ಸ್ಟೇಬಲ್ ಜೇಬಿನ ಅಳತೆ ಟೇಪು ಬಿಟ್ಟಿರಲಿಲ್ಲ. ಹಾಗಂತ ಯಂತ್ರದ ಮೇಲೆ ಮುನಿಸೇನೂ ಇರಲಿಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಮಗಳ ಪಕ್ಕ ಕೂತು ನಮಗಿಂತ ಚೆನ್ನಾಗಿ ಕಲಿತಿದ್ದರು. ನಾನು ಹೊಟ್ಟೆಕಿಚ್ಚಿಗೆ ಗೇಲಿ ಮಾಡುತ್ತಿದ್ದೆ.

ಯಂತ್ರದಲ್ಲಿ ‘ಕಾರಣ’ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಮೊದಲ ಸಾಲು ‘ಚಾಲಕರ ಅಜಾಗರೂಕತೆ’, ಕಡೆಯದು ‘ಇತರೆ’. ‘ಇತರೆ’ ಎಂದರೆ ಅಳತೆ, ಫೋಟೊ, ವಿವರ ಎಲ್ಲ ಕೊಡಬೇಕು. ಸುಡುಬಿಸಿಲಲ್ಲಿ ಯಾರಿಗೆ ಬೇಕು ಆ ಉಸಾಬರಿ? ಮೊದಲ ಸಾಲು ಒತ್ತಿ ಕೈತೊಳೆದುಕೊಳ್ಳುತ್ತಿದ್ದೆವು.

ಒಂದು ಬೆಳಿಗ್ಗೆ ಆಸ್ಪತ್ರೆಯ ತಿರುವಿನಲ್ಲಿ ಶಾಲಾ ವ್ಯಾನೊಂದು ಸ್ಕೂಟರಿಗೆ ಗುದ್ದಿ ಸವಾರನ ಕಾಲು ಮುರಿಯಿತು. ‘ನಿಲ್ಲಿ’ ಫಲಕ ಕಾಣಲೇ ಇಲ್ಲ ಎಂದು ವ್ಯಾನಿನ ಚಾಲಕಿ ಮತ್ತೆ ಮತ್ತೆ ಹೇಳುತ್ತಿದ್ದಳು. ಮೊದಲ ಸಾಲು ಒತ್ತಿದರೆ ಅವಳ ಲೈಸೆನ್ಸ್ ಹೋಗುತ್ತಿತ್ತು, ಜೊತೆಗೆ ಕೆಲಸವೂ.

“ಎಲ್ಲರೂ ಹೇಳೋದು ಅದನ್ನೇ, ಒತ್ತಿಬಿಡಿ ಮಾವ” ಎಂದೆ.

ಅವರು ಜಪ್ಪಯ್ಯ ಅನ್ನಲಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಅವರ ಮಟ್ಟಿಗೆ ಬರೀ ಗಾದೆಯಲ್ಲ. ಮರುದಿನ ಅದೇ ಹೊತ್ತಿಗೆ ಶಾಲೆಯಿಂದ ಅಂಥದೇ ವ್ಯಾನು ತರಿಸಿ, ಚಾಲಕರ ಸೀಟಿನಲ್ಲಿ ನನ್ನನ್ನು ಕೂರಿಸಿದರು. ನಿಂತವರಿಗೆ ಚೆನ್ನಾಗಿ ಕಾಣುತ್ತಿದ್ದ ಫಲಕ, ಆ ಸೀಟಿನಿಂದ ಔಷಧಿ ಅಂಗಡಿಯ ಹೊಸ ಬೋರ್ಡಿನ ಹಿಂದೆ ಪೂರ್ತಿ ಮರೆಯಾಗಿತ್ತು. ಮಾವ ಸೀಟಿನ ಎತ್ತರ ಅಳೆದರು, ದೂರ ಅಳೆದರು, ಫೋಟೊ ತೆಗೆದರು, ‘ಇತರೆ’ ಒತ್ತಿ ಎಲ್ಲ ಬರೆದರು.

ಹದಿನೈದು ದಿನದಲ್ಲಿ ಬೋರ್ಡು ಇಳಿಯಿತು. ಚಾಲಕಿಯ ಲೈಸೆನ್ಸ್ ಉಳಿಯಿತು. ಇಂಥವರ ಜೊತೆ ಕೆಲಸ ಮಾಡುತ್ತಿದ್ದೇನಲ್ಲ ಎಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಮಾವ ಹಿಗ್ಗಲಿಲ್ಲ. ಯಂತ್ರದಲ್ಲಿ ನಕ್ಷೆ ತೆರೆದು ತೋರಿಸಿದರು. ಅಂಗಡಿಯವರು ಬೋರ್ಡು ಹಾಕಿದ ಮೇಲೆ, ಈ ವ್ಯಾನಿನದಕ್ಕೂ ಮೊದಲೇ, ಅದೇ ತಿರುವಿನಲ್ಲಿ ಇನ್ನೂ ಒಂದು ಅಪಘಾತವಾಗಿತ್ತು. ದಾಖಲಿಸಿದವನು ನಾನು. ಒತ್ತಿದ್ದ ಕಾರಣ ಮೊದಲ ಸಾಲು. ಲೈಸೆನ್ಸ್ ಕಳೆದುಕೊಂಡವನು ಒಬ್ಬ ಹಾಲಿನ ಗಾಡಿಯವನು.

ಬೈಯುತ್ತಾರೆ ಎಂದುಕೊಂಡೆ. ಟೇಪು ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಹೋಗಿ ಅವನ ಗಾಡಿ ಸೀಟು ಎಷ್ಟೆತ್ತರ ಇದೆ ಅಳ್ಕೊಂಡು ಬಾ. ಬೋರ್ಡಿನ ಫೋಟೊ ನನ್ನ ಹತ್ರ ಇದೆ. ದಾಖಲೆ ತಿದ್ದೋಕೆ ಅರ್ಜಿ ನೀನೇ ಬರಿ.”

ಅರ್ಜಿಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ.

“ಅಲ್ಲಿ ಪಟ್ಟಿ ಇರಲ್ಲಪ್ಪ. ಇದ್ದದ್ದನ್ನ ಬರಿ.”

ಅಳೆದು ಬಂದೆ. ‘ನಾನು ನೋಡದೆ ಒತ್ತಿದೆ’ ಎಂದು ಬರೆದು ಸಹಿ ಹಾಕಿದೆ.