ಮಾಸೂರಿನ ಲಕ್ಕಿ ಎಲೆಗೆ ನೆರಳು ಹಿಡಿದು

ಬೆಳಿಗ್ಗೆ ಆರೂವರೆಗೆ ಹಾನಗಲ್ಲಿನಿಂದ ಹೊರಟ ಬಸ್ಸಿನಲ್ಲಿ ನಾನು, ಸುಜಾತಕ್ಕ ಮತ್ತು ಅರ್ಧ ತಾಲ್ಲೂಕು ಇದ್ದೆವು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರ್ ನನ್ನ ಆಧಾರ್ ಫೋಟೊ ನೋಡಿ, "ಇದು ನೀನ ಏನವಾ?" ಎಂದ. ಶಿಗ್ಗಾವಿ, ಸವಣೂರು, ಹಿರೇಕೆರೂರು ಮೂರನ್ನೂ ಒಂದೇ ದಿನದಲ್ಲಿ ಸೊನ್ನೆ ರೂಪಾಯಿಗೆ ಸುತ್ತಿದ ಮೊದಲ ಪ್ರವಾಸಿ ನಾನೇ ಇರಬೇಕು. ಅಲ್ಲವೆಂದು ಇನ್ನೂ ಯಾರೂ ಹೇಳಿಲ್ಲ.

ಸುಜಾತಕ್ಕ ನನ್ನ ದೊಡ್ಡಪ್ಪನ ಮಗಳು, ಎಂ.ಎಸ್ಸಿ. ಓದುತ್ತಾಳೆ. ನಾಟಿ ಔಷಧ ಕೊಡುವ ಮೂವರಿಂದ ಲಕ್ಕಿ ಗಿಡದ ಎಲೆ ತಂದು, ಒಣಗಿಸಿ, ಸಾರ ತೆಗೆದು, ಹುಣ್ಣಿನ ಕ್ರಿಮಿ ಬೆಳೆಸಿದ ಗಾಜಿನ ತಟ್ಟೆಗೆ ಹಾಕಿ ನೋಡಿದ್ದಳು. ಎಲೆ ಕೆಲಸ ಮಾಡಿದರೆ ಸಾರ ಹಾಕಿದ ಜಾಗದ ಸುತ್ತ ಕ್ರಿಮಿ ಬೆಳೆಯದೆ ಒಂದು ಖಾಲಿ ಉಂಗುರ ಉಳಿಯುತ್ತದೆ. ಶಿಗ್ಗಾವಿ ಮತ್ತು ಸವಣೂರಿನ ಎಲೆಗೆ ಉಂಗುರ ಬಂದಿತ್ತು. ಹಿರೇಕೆರೂರು ತಾಲ್ಲೂಕಿನ ಮಾಸೂರಿನ ನೀಲವ್ವಜ್ಜಿಯ ಎಲೆಗೆ ಬಂದಿರಲಿಲ್ಲ. ಮೂವರಿಗೂ ಎದುರಿಗೇ ಹೇಳಬೇಕೆಂದು ಅಕ್ಕ ಹೊರಟಿದ್ದಳು.

"ಅಜ್ಜಿಗಿ ಹೆಂಗ ಹೇಳೂದ?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಶಿಗ್ಗಾವಿಯಲ್ಲಿ ನಿವೃತ್ತ ಮಾಸ್ತರರ ಬೇಲಿಯೆಲ್ಲ ಲಕ್ಕಿ ಗಿಡ. ಸುದ್ದಿ ಕೇಳಿ ಅವರು, "ಉಂಗುರ ಎಷ್ಟ ತೊಲಿದೈತಿ?" ಎಂದು ಕೇಳಿದರು. ಅವರ ಮನೆಯವರು ಗಿರ್ಮಿಟ್ ಮತ್ತು ಮಿರ್ಚಿ ಕೊಟ್ಟರು. ನಾನು ಹನ್ನೊಂದು ಮಿರ್ಚಿ ತಿಂದೆ. ಅಕ್ಕನ ಲೆಕ್ಕದಲ್ಲಿ ಮೂರು.

ಸವಣೂರಿನ ದೊಡ್ಡ ಹುಣಸೆ ಮರದ ಬುಡ ಸುತ್ತಿ ಬರುವಷ್ಟರಲ್ಲಿ ನನಗೆ ಮತ್ತೆ ಹಸಿವಾಯಿತು. ಗಿಡಮೂಲಿಕೆ ಅಂಗಡಿಯ ಇಸ್ಮಾಯಿಲ್ ಚಾಚಾ ಒಳಗಿನ ಕತ್ತಲೆ ಕೋಣೆಯಲ್ಲಿ ಹೊರಸಿನ ಮೇಲೆ ಎಲೆ ಹರವಿದ್ದರು.

"ಬಿಸಲಾಗ ಹಾಕಿದ್ರ ಒಂದ ದಿನದಾಗ ಒಣಗ್ತಾವಲ್ರಿ ಚಾಚಾ?" ಎಂದೆ, ಬುದ್ಧಿವಂತಳಂತೆ.

"ಏ ಬೇಟಿ, ಬಿಸಲಾಗ ಹಾಕಿದ್ರ ಎಲಿ ಉಳೀತದ, ದವಾ ಹೋಗ್ತದ. ಆ ಘಮಾ ಐತಲ್ಲ, ಅದ ದವಾ."

"ಖರೆ," ಎಂದಳು ಅಕ್ಕ. "ಅದರಾಗಿನ ಎಣ್ಣಿ ಗಾಳಿಗೆ ಹಾರಿ ಹೋಗತೈತಿ."

ನನ್ನ ಬಾಯಿ ಅಲ್ಲೇ ಮುಚ್ಚಿತು. ಉಳಿದಿಬ್ಬರ ಎಲೆ ಒಣಗಿಸಿದ್ದು ಅಕ್ಕ. ಮಾಸೂರಿನದು ನನ್ನ ಪಾಲಿಗೆ ಬಂದಿತ್ತು. ಎಂಟು ದಿನ ನೆರಳಲ್ಲಿ ಇಡಬೇಕಾದದ್ದನ್ನು ನಾನು ತಗಡಿನ ಮೇಲೆ ಒಂದೇ ಮಧ್ಯಾಹ್ನದಲ್ಲಿ ಹಪ್ಪಳ ಮಾಡಿದ್ದೆ. ಮೇಲೆ ಚೀಟಿ ಬೇರೆ ಅಂಟಿಸಿದ್ದೆ, ಮುತ್ತಿನಂಥ ಅಕ್ಷರದಲ್ಲಿ: 'ನೆರಳಲ್ಲಿ ಒಣಗಿಸಿದ್ದು'.

ಹಾವೇರಿಯಲ್ಲಿ ಬಸ್ಸು ಬದಲಿಸಿದೆವು. ಸವಣೂರಿನಲ್ಲಿ ಕೊಂಡ ಖಾರಾ ತಿಂಡಿಯ ಪೊಟ್ಟಣವನ್ನೂ ನಾನು ಮುಟ್ಟಲಿಲ್ಲ. "ಹಾನಗಲ್ಲ ರೇಡಿಯೋ ಯಾಕ ಬಂದ್ ಆತು?" ಎಂದು ಅಕ್ಕ ಹಣೆ ಮುಟ್ಟಿ ನೋಡಿದಳು. ಹಿರೇಕೆರೂರು ದಾಟುವವರೆಗೂ ಹೇಳುತ್ತೇನೆ, ಹೇಳುತ್ತೇನೆ ಎಂದುಕೊಂಡು ಸುಮ್ಮನಿದ್ದೆ.

ಮಾಸೂರಿನಲ್ಲಿ ನೀಲವ್ವಜ್ಜಿ ಅಂಗಳದಲ್ಲಿ ಕೂತು, ಗದ್ದೆ ಕೆಸರಿನಲ್ಲಿ ಬೆರಳುಸಂದಿ ಹುಣ್ಣಾದ ಒಬ್ಬ ಕೂಲಿ ಹೆಂಗಸಿನ ಕಾಲು ತೊಳೆಯುತ್ತಿದ್ದಳು. ಬೋಗುಣಿಯಲ್ಲಿ ಲಕ್ಕಿ ಎಲೆ ಕುದಿಸಿದ ನೀರು. ಅಕ್ಕ ಮೆಲ್ಲಗೆ ಹೇಳಿದಳು: "ಅಜ್ಜಿ, ನಿಮ್ಮ ಎಲಿ ತಟ್ಟ್ಯಾಗ ಕೆಲಸ ಮಾಡ್ಲಿಲ್ರಿ. ವರದಿಯಾಗ ಹಂಗ ಬರೀಬೇಕಾಗೇತಿ."

ಅಜ್ಜಿಯ ಕೈ ನಿಂತಿತು. ಆ ಹೆಂಗಸು ಎರಡೂ ಕಾಲನ್ನು ನೀರಿನಿಂದ ಹೊರಗೆ ತೆಗೆದಳು.

"ಹಂಗಾರ ಇಷ್ಟ ವರ್ಷ ಮಂದಿ ಕಾಲಿಗೆ ನಾ ಬರೇ ನೀರ ಹಾಕೇನೇನ?"

"ಎಲಿ ತಪ್ಪಲ್ರಿ ಅಜ್ಜಿ," ಎಂದೆ. "ನಾ ಬಿಸಲಾಗ ತಗಡಿನ ಮ್ಯಾಲ ಒಣಗಿಸಿದೆ. ಚೀಟ್ಯಾಗ ಸುಳ್ಳ ಬರದೆ." ನನ್ನ ಜೀವಮಾನದಲ್ಲೇ ಅತಿ ಸಣ್ಣ ಭಾಷಣ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಒಂದು ಗದ್ದೆಯೇ ಒಣಗಬಹುದಿತ್ತು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಚೀಲ ಎಲೆ ಕಿತ್ತು ತಂದು ನನ್ನ ಕೈಗೇ ಕೊಟ್ಟಳು. "ಈ ಸಲಾನೂ ಇಕೀನ ಒಣಗಿಸ್ಲಿ." ಕೂಲಿ ಹೆಂಗಸಿಗೆ, "ಕಾಲ ಇಡ ಯವ್ವಾ," ಎಂದಳು. ಆಕೆ ನನ್ನ ಮುಖ ನೋಡಿದಳು, ಬೋಗುಣಿ ನೋಡಿದಳು, ಒಂದೇ ಕಾಲು ಇಟ್ಟಳು.

ವಾಪಸ್ ಬರುವಾಗ ರಸ್ತೆ ತಿರುಗಿದಂತೆಲ್ಲ ಬಿಸಿಲೂ ಪಕ್ಕ ಬದಲಿಸಿತು. ಚೀಲ ಹಿಡಿದು ನಾನೂ ನಾಲ್ಕು ಸೀಟು ಬದಲಿಸಿದೆ. ಈ ಲೆಕ್ಕ ಖರೇದು. ಕೊನೆಗೆ ಬಿಸಿಲು ಬೀಳುವ ಸೀಟೊಂದೇ ಉಳಿಯಿತು.

"ಕುಂದ್ರ, ಜಾಗ ಐತಿ," ಎಂದಳು ಅಕ್ಕ. ಮಾಸೂರು ಬಿಟ್ಟ ಮೇಲೆ ಅವಳ ಮೊದಲ ಮಾತು.

"ಬ್ಯಾಡ. ಅಲ್ಲಿ ಬಿಸಲೈತಿ."

ಹಾನಗಲ್ಲಿನಲ್ಲಿ ಇಳಿದಾಗ ಅಕ್ಕ ಹೊಸ ಚೀಟಿ ಮತ್ತು ಪೆನ್ನು ಕೊಟ್ಟಳು. 'ಲಕ್ಕಿ, ಮಾಸೂರು, ನೀಲವ್ವಜ್ಜಿ' ಎಂದು ಬರೆದೆ. ಒಣಗಿಸಿದ ಬಗೆಯ ಜಾಗ ಖಾಲಿ ಬಿಟ್ಟೆ. ಅದನ್ನು ಬರೆಯಲು ಇನ್ನೂ ಎಂಟು ದಿನ ಇತ್ತು.